ಹನ್ನೆರಡು ವರ್ಷದ ಓಟ, ಹದಿನಾಲ್ಕು ವರ್ಷದ ಕಟ್ಟೋಣ

1990ರ ಸೆಪ್ಟೆಂಬರ್ 30 ಒಂದು ಭಾನುವಾರ. ನಾನಾಗ ಶಿವಮೊಗ್ಗ ಜಿಲ್ಲೆಯ ತಾಲ್ಲೂಕೊಂದರಲ್ಲಿ ಕಂದಾಯ ಇಲಾಖೆಯ ಕಿರಿಯ ಅಧಿಕಾರಿ. ಮಧ್ಯಾಹ್ನದ ಹೊತ್ತಿಗೆ ಕಚೇರಿಯ ಜೀಪಿನ ಚಾಲಕರು ವಸತಿಗೃಹದ ಗೇಟಿನ ಬಳಿ ಬಂದು ನಿಂತರು. ರಜಾದಿನದಂದು ಅವರು ಕರೆಯದೆ ಬರುವವರಲ್ಲ. ‘ಶಂಕ್ರಣ್ಣ ಹೋಗ್ಬಿಟ್ರಂತೆ ಸಾರ್, ದಾವಣಗೆರೆ ಹತ್ರ’ ಎಂದವರೇ ಮನೆಯ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ನನ್ನೆದುರು ಅವರು ಎಂದೂ ಕುಳಿತದ್ದಿಲ್ಲ. ಅಂದು ಅವರಿಗೆ ಅದರ ಪರಿವೆಯೇ ಇರಲಿಲ್ಲ, ನನಗೂ ಇರಲಿಲ್ಲ. ಒಳಗಿನಿಂದ ಒಂದು ಲೋಟ ನೀರು ತಂದುಕೊಟ್ಟು ನಾನೂ ಅದೇ ಮೆಟ್ಟಿಲ ಮೇಲೆ ಕುಳಿತೆ.

ಶಂಕರ್‌ನಾಗ್ ಆ ದಿನ ನಸುಕಿನಲ್ಲಿ ‘ಜೋಕುಮಾರಸ್ವಾಮಿ’ ಚಿತ್ರದ ಕೆಲಸಕ್ಕಾಗಿ ಉತ್ತರ ಕರ್ನಾಟಕದತ್ತ ಹೊರಟಿದ್ದರು. ಚಂದ್ರಶೇಖರ ಕಂಬಾರರ ನಾಟಕವನ್ನು ತೆರೆಗೆ ತರುವ ಯತ್ನ ಅದು. ದಾವಣಗೆರೆ ಸಮೀಪದ ಆನಗೋಡಿನ ಬಳಿ, ಆಗಿನ್ನೂ ಎರಡೇ ಪಥವಿದ್ದ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ, ಅವರಿದ್ದ ಕಾರು ಅಪಘಾತಕ್ಕೀಡಾಯಿತು. ಆನಗೋಡು ಆಗ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಕಾರಿನಲ್ಲಿ ಪತ್ನಿ ಅರುಂಧತಿ ಮತ್ತು ಪುಟ್ಟ ಮಗಳೂ ಇದ್ದರು. ಅವರಿಬ್ಬರು ಉಳಿದರು. ಶಂಕರ್ ಉಳಿಯಲಿಲ್ಲ. 1954ರ ನವೆಂಬರ್ 9ರಂದು ಹುಟ್ಟಿದ ಅವರಿಗೆ ಮೂವತ್ತಾರು ತುಂಬಲು ಇನ್ನೂ ನಲವತ್ತು ದಿನ ಬಾಕಿ ಇತ್ತು.

2025ರ ಸೆಪ್ಟೆಂಬರ್ 30ಕ್ಕೆ ಆ ಘಟನೆಗೆ ಮೂವತ್ತೈದು ವರ್ಷ ಸಂದಿತು. ಎಂದರೆ, ಅವರು ನಮ್ಮೊಡನೆ ಇದ್ದಷ್ಟೇ ಕಾಲ ಅವರಿಲ್ಲದೆಯೂ ಕಳೆದಿದೆ. ಅಂದು ಮೂವತ್ತೊಂದರ ಹರೆಯದವನಾಗಿದ್ದ ನಾನು ಈಗ ನಿವೃತ್ತ, ಅರವತ್ತಾರನ್ನು ದಾಟಿದ್ದೇನೆ. ಆದರೆ ಬೆಂಗಳೂರಿನ ಆಟೋಗಳ ಬೆನ್ನಮೇಲಿರುವ ಆ ಮುಖಕ್ಕೆ ವಯಸ್ಸಾಗಿಲ್ಲ. 1980ರ ‘ಆಟೋ ರಾಜ’ವನ್ನು ಕಂಡಿರದ, ಅವರು ತೀರಿಕೊಂಡ ಮೇಲೆ ಹುಟ್ಟಿದ ಹುಡುಗರೂ ಆ ಚಿತ್ರವನ್ನು ಅಂಟಿಸಿಕೊಂಡು ತಿರುಗುತ್ತಾರೆ. ಇಂಥ ಪ್ರೀತಿ ಎಲ್ಲ ನಟರಿಗೂ ದೊರೆಯುವುದಿಲ್ಲ.

ಅವರ ಚೈತನ್ಯದ ಲೆಕ್ಕ ಬಹುಮಂದಿಗೆ ಗೊತ್ತಿರುವಂಥದು. ಹೊನ್ನಾವರದ ಕಡೆಯ ಹುಡುಗ, ಮುಂಬೈಯ ಮರಾಠಿ ರಂಗಭೂಮಿಯಲ್ಲಿ ಬೆಳೆದವರು, 1978ರಲ್ಲಿ ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಚಿತ್ರದ ಮೂಲಕ ಕನ್ನಡಕ್ಕೆ ಬಂದರು. ಆ ಪಾತ್ರಕ್ಕೆ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಪಡೆದರು. 1980ರಲ್ಲಿ ‘ಮಿಂಚಿನ ಓಟ’ವನ್ನು ನಿರ್ದೇಶಿಸಿದರು, ಆಗ ವಯಸ್ಸು ಇಪ್ಪತ್ತೈದು. ಮುಂದೆ ‘ಗೀತಾ’, ‘ಆಕ್ಸಿಡೆಂಟ್’, ಡಾ. ರಾಜ್‌ಕುಮಾರ್ ಅಭಿನಯದ ‘ಒಂದು ಮುತ್ತಿನ ಕಥೆ’. ಆರ್.ಕೆ. ನಾರಾಯಣರ ಕಥೆಗಳನ್ನು ಆಗುಂಬೆಯ ಮಳೆಗೂ ಮಂಜಿಗೂ ಒಪ್ಪಿಸಿ ಇಡೀ ದೇಶಕ್ಕೆ ‘ಮಾಲ್ಗುಡಿ ಡೇಸ್’ ಕೊಟ್ಟರು. ನಡುವೆ ‘ಸಂಕೇತ್’ ನಾಟಕ ತಂಡ. ಹಾಡು, ಮಾತುಗಳ ಧ್ವನಿಮುದ್ರಣಕ್ಕೆ ಕನ್ನಡ ಚಿತ್ರರಂಗ ಮದ್ರಾಸಿನ ದಾರಿ ಕಾಯುತ್ತಿದ್ದ ದಿನಗಳಲ್ಲಿ ಬೆಂಗಳೂರಿನಲ್ಲೇ ಒಂದು ಧ್ವನಿಮುದ್ರಣ ಸ್ಟುಡಿಯೊ. ಇವೆಲ್ಲದರ ಜೊತೆಗೆ ನಟನಾಗಿ ಎಂಬತ್ತಕ್ಕೂ ಹೆಚ್ಚು ಚಿತ್ರಗಳು. ಇಷ್ಟೂ ಹನ್ನೆರಡು ವರ್ಷಗಳ ಕೆಲಸ.

ನಾನು ಹೇಳಹೊರಟಿರುವುದು ಈ ಪಟ್ಟಿಯನ್ನಲ್ಲ. ಪ್ರತಿ ಸೆಪ್ಟೆಂಬರಿನಲ್ಲಿ ಇದು ಎಲ್ಲಾದರೂ ಅಚ್ಚಾಗುತ್ತದೆ. ಪಟ್ಟಿಯಲ್ಲಿ ಬಾರದ ಒಂದು ಸಂಗತಿ ಇದೆ. ನಾಡಿಗೆ ಅವರು ಶಂಕ್ರಣ್ಣ, ಕರಾಟೆ ಕಿಂಗ್. ಕಾರಿನ ಹಿಂಬದಿಯಲ್ಲಿದ್ದ ಒಬ್ಬ ಹೆಣ್ಣುಮಗಳಿಗೆ ಗಂಡ, ಒಂದು ಮಗುವಿಗೆ ಅಪ್ಪ. ಲಕ್ಷಾಂತರ ಮಂದಿಯ ದುಃಖ ರಸ್ತೆಯಲ್ಲಿ ಹರಿಯುತ್ತಿರುವಾಗ ಆ ಇಬ್ಬರು ತಮ್ಮ ಪಾಲಿನ ದುಃಖಕ್ಕೆ ಎಲ್ಲಿ ಜಾಗ ಹುಡುಕಿಕೊಂಡಿರಬೇಕು? ಜನಪ್ರಿಯ ವ್ಯಕ್ತಿಯ ಸಾವಿನಲ್ಲಿ ಅಭಿಮಾನಿಯ ಶೋಕಕ್ಕೆ ಧ್ವನಿವರ್ಧಕವಿರುತ್ತದೆ. ಮನೆಯವರ ಶೋಕ ಅದರ ಅಬ್ಬರದಲ್ಲಿ ಕೇಳಿಸುವುದೇ ಇಲ್ಲ.

ಈ ಪ್ರಶ್ನೆ ನನಗೆ ಹೊಳೆದದ್ದು 1990ರಲ್ಲಲ್ಲ, ಆರು ವರ್ಷ ತಡವಾಗಿ. 1996ರಲ್ಲಿ ನನ್ನ ಅಕ್ಕನ ಗಂಡ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಭಾವ ಮಲೆನಾಡಿನ ಒಂದು ಸರ್ಕಾರಿ ಶಾಲೆಯ ಮೇಷ್ಟರು. ವಯಸ್ಸು ನಲವತ್ತೆರಡು. ಬೆಳಗ್ಗೆ ಐದಕ್ಕೆ ಎದ್ದರೆ ರಾತ್ರಿ ಹತ್ತರವರೆಗೆ ಕೂತವರಲ್ಲ. ಶಾಲೆಯ ಹಿತ್ತಲಲ್ಲಿ ತೆಂಗಿನ ಸಸಿ, ಊರ ಹುಡುಗರಿಗೆ ವಾಲಿಬಾಲ್, ದೀಪಾವಳಿಗೆ ನಾಟಕ, ಯಾರದೋ ಮನೆಯ ಪಂಪ್‌ಸೆಟ್ ರಿಪೇರಿ, ಮಗಳ ಜಡೆ ಹೆಣೆಯುವುದು — ಎಲ್ಲವೂ ಒಂದೇ ಉತ್ಸಾಹದಲ್ಲಿ. ಸಂಜೆ ನಾಟಕದ ಬಣ್ಣ ತರಲು ಪಕ್ಕದ ಊರಿಗೆ ಸ್ಕೂಟರಿನಲ್ಲಿ ಹೋದವರು ಹಿಂತಿರುಗಲಿಲ್ಲ. ಲಾರಿಯೊಂದು ತಿರುವಿನಲ್ಲಿ ಎದುರಾಯಿತಂತೆ. ಮಗಳಿಗೆ ಹದಿಮೂರು, ಮಗನಿಗೆ ಒಂಬತ್ತು.

ಅಪಘಾತ ಪರಿಹಾರದ ಅರ್ಜಿಗೆ ಅಕ್ಕನೊಡನೆ ವಕೀಲರ ಕಚೇರಿಗೆ ಹೋದವನು ನಾನೇ. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವನಿಗೆ ಅಲ್ಲಿನ ಲೆಕ್ಕ ಹೊಸದೇನಲ್ಲ. ಸತ್ತವರ ವಾರ್ಷಿಕ ಆದಾಯದಿಂದ ಅವರ ಸ್ವಂತ ಖರ್ಚನ್ನು ಕಳೆಯಬೇಕು. ಉಳಿದುದನ್ನು ವಯಸ್ಸಿಗೆ ತಕ್ಕ ಒಂದು ಗುಣಕದಿಂದ ಗುಣಿಸಬೇಕು. ಈ ಗುಣಕದ ಗೊಂದಲಗಳನ್ನು ಸುಪ್ರೀಂ ಕೋರ್ಟ್ 2009ರ ಸರಳಾ ವರ್ಮಾ ಪ್ರಕರಣದಲ್ಲಿ ಬಗೆಹರಿಸಿ ಒಂದು ಪಟ್ಟಿಯನ್ನೇ ಕೊಟ್ಟಿದೆ. ಅದರ ಪ್ರಕಾರ ಮೂವತ್ತೈದು ವರ್ಷದ ವ್ಯಕ್ತಿಗೆ ಗುಣಕ 16. ಪತಿ ಅಥವಾ ಪತ್ನಿಯ ಸಾಹಚರ್ಯ ನಷ್ಟಕ್ಕೆ 2017ರ ಪ್ರಣಯ್ ಸೇಠಿ ಪ್ರಕರಣದಲ್ಲಿ ನಲವತ್ತು ಸಾವಿರ ರೂಪಾಯಿ ಗೊತ್ತುಪಡಿಸಲಾಯಿತು. ಮೂರು ವರ್ಷಕ್ಕೊಮ್ಮೆ ಅದನ್ನು ಶೇ 10ರಷ್ಟು ಏರಿಸಬೇಕೆಂದೂ ಹೇಳಲಾಯಿತು. ಮರುವರ್ಷದ ಇನ್ನೊಂದು ತೀರ್ಪು ತಂದೆಯ ಆಸರೆ ಕಳೆದುಕೊಂಡ ಮಕ್ಕಳಿಗೂ ಈ ಹಕ್ಕನ್ನು ವಿಸ್ತರಿಸಿತು.

ನಾನು ಇದನ್ನು ಹಗುರವಾಗಿ ಕಾಣುತ್ತಿಲ್ಲ. ಯಾವುದೋ ಒಂದು ಅಳತೆಗೋಲು ಇಲ್ಲದಿದ್ದರೆ ನ್ಯಾಯಾಲಯ ಏನನ್ನೂ ಕೊಡಲಾಗದು. ಅಳತೆಗೋಲು ಎಲ್ಲರಿಗೂ ಒಂದೇ ಆಗಿರುವುದು ಬಡವರಿಗೇ ಹೆಚ್ಚು ಕ್ಷೇಮ. ಆದರೆ ಅಂದು ಗುಮಾಸ್ತರು ಅರ್ಜಿ ತುಂಬುತ್ತ ‘ಮೃತರ ಇತರ ಆದಾಯ?’ ಎಂದು ಕೇಳಿದಾಗ ಅಕ್ಕ ಬಹಳ ಹೊತ್ತು ಯೋಚಿಸಿದಳು. ‘ಅವರು ಮನೆಗೆ ಬಂದ್ರೆ ಗೊತ್ತಾಗ್ತಿತ್ತು’ ಎಂದಳು. ಗುಮಾಸ್ತರು ಲೇಖನಿ ಎತ್ತಿ ನನ್ನ ಮುಖ ನೋಡಿದರು. ನಾನು ‘ಇಲ್ಲ ಅಂತ ಬರೆಯಿರಿ’ ಎಂದೆ. ಮೂವತ್ತು ವರ್ಷಗಳ ಸೇವೆಯಲ್ಲಿ ನಾನು ಬರೆಸಿದ ಟಿಪ್ಪಣಿಗಳಲ್ಲಿ ಇಷ್ಟು ತಪ್ಪಾದದ್ದು ಮತ್ತೊಂದಿಲ್ಲ.

ಇನ್ನೊಂದು ಮಾತನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಅಕ್ಕನ ಅನುಕಂಪದ ಉದ್ಯೋಗದ ಕಡತ ಕಚೇರಿಯೊಂದರಲ್ಲಿ ಎರಡು ವರ್ಷ ಮಲಗಿತ್ತು. ನಾನಾಗ ಬೆಂಗಳೂರಿನ ಸಚಿವಾಲಯದಲ್ಲಿದ್ದೆ. ಒಂದು ದೂರವಾಣಿ ಕರೆ ಸಾಕಾಗಿತ್ತು. ಸ್ವಂತದವರ ಕಡತಕ್ಕಾಗಿ ಫೋನ್ ಎತ್ತುವುದಿಲ್ಲವೆಂಬ ನಿಯಮವನ್ನು ನಾನು ಹೆಮ್ಮೆಯಿಂದ ಪಾಲಿಸಿದೆ. ಅಕ್ಕ ಆ ಎರಡು ವರ್ಷ ಹಪ್ಪಳ, ಸಂಡಿಗೆ ಮಾರಿ ಮಕ್ಕಳ ಶುಲ್ಕ ಕಟ್ಟಿದಳು. ನಿಯಮ ಸರಿಯೋ ತಪ್ಪೋ, ಇಂದಿಗೂ ನನಗೆ ತೀರ್ಮಾನವಾಗಿಲ್ಲ. ಯಾವ ಕಡತವೂ, ಯಾರದೇ ಆಗಲಿ, ಎರಡು ವರ್ಷ ಮಲಗದಂತೆ ನೋಡಿಕೊಳ್ಳುವುದು ನನ್ನಂಥವರ ಕೆಲಸವಾಗಿತ್ತು ಎಂಬುದು ಮಾತ್ರ ಸ್ಪಷ್ಟ. ಅದನ್ನು ಮಾಡದವನಿಗೆ ನಿಯಮದ ಹೆಮ್ಮೆ ಸಲ್ಲದು.

ಮನೆಯಲ್ಲಿ ಇಂಥದೊಂದು ಆದ ಮೇಲೆ ಶಂಕರ್‌ನಾಗ್ ಕುರಿತ ನನ್ನ ಕುತೂಹಲ ಅರುಂಧತಿಯವರ ಕಡೆಗೆ ತಿರುಗಿತು. ಇದು ಕೆಟ್ಟ ಕುತೂಹಲವಲ್ಲವೆಂದು ನಂಬಿದ್ದೇನೆ. ಅಷ್ಟು ವೇಗದ ಮನುಷ್ಯನ ಜೊತೆ ಬಾಳಿದವರು, ಆ ವೇಗ ಹಠಾತ್ತನೆ ನಿಂತಾಗ ಏನು ಮಾಡುತ್ತಾರೆ?

ಅವರು ಮಾಡಿದ್ದು ನಮ್ಮೆಲ್ಲರ ಕಣ್ಣೆದುರಿಗೇ ಇದೆ. ಅರುಂಧತಿ ಗಂಡನ ನೆರಳಲ್ಲಿ ಮಾತ್ರ ಬೆಳೆದವರಲ್ಲ. ಮುಂಬೈಯಲ್ಲಿ ಹಲವು ಭಾಷೆಗಳ ರಂಗಭೂಮಿಯಲ್ಲಿ ಪಳಗಿದ ನಟಿ. ಶಂಕರ್ ಅವರನ್ನು ಕಂಡದ್ದೂ ಆ ನಾಟಕಗಳ ನಡುವೆಯೇ. 1980ರಲ್ಲಿ ಮದುವೆಯಾಗಿ ಕನ್ನಡಕ್ಕೆ ಬಂದು, ಕನ್ನಡದ ನಟಿಯೂ ಆದರು. ಬೆಂಗಳೂರಿಗೆ ನಾಟಕಕ್ಕೆಂದೇ ಒಂದು ಒಳ್ಳೆಯ ರಂಗಮಂದಿರ ಬೇಕೆಂಬುದು ಗಂಡ ಹೆಂಡತಿ ಇಬ್ಬರೂ ಕಂಡಿದ್ದ ಕನಸು. ಮುಂಬೈಯಲ್ಲಿ ಪೃಥ್ವಿರಾಜ್ ಕಪೂರರ ನೆನಪಿಗೆ ಮಗ ಶಶಿ ಕಪೂರ್ ಮತ್ತು ಸೊಸೆ ಜೆನ್ನಿಫರ್ 1978ರಲ್ಲಿ ತೆರೆದ ಪೃಥ್ವಿ ಥಿಯೇಟರ್ ಅವರಿಗೆ ಅಪರಿಚಿತವಲ್ಲ. ಗಂಡ ಹೋದ ಮೇಲೆ ಆ ಕನಸು ಒಬ್ಬರ ಹೆಗಲಿಗೆ ಬಂತು.

ಮುಂದಿನ ಕಥೆಯನ್ನು ಒಬ್ಬ ಆಡಳಿತಗಾರನ ಕಣ್ಣಿನಿಂದ ನೋಡಿ. ಒಂದು ಟ್ರಸ್ಟ್ ಕಟ್ಟಬೇಕು. ಸರ್ಕಾರದಿಂದ ನಿವೇಶನವನ್ನು ಗುತ್ತಿಗೆಗೆ ಪಡೆಯಬೇಕು. ನಕ್ಷೆಗೆ ಮಂಜೂರಾತಿ ಬೇಕು. ದಾನಿಗಳ ಬಾಗಿಲು ತಟ್ಟಬೇಕು. ಒಬ್ಬರು ಕೊಟ್ಟರೆ ನಾಲ್ವರು ‘ನೋಡೋಣ’ ಎನ್ನುತ್ತಾರೆ. ಕಟ್ಟಡ ಅರ್ಧಕ್ಕೆ ಬಂದಾಗ ಹಣ ಸಾಲದೆ ಹೋಗುತ್ತದೆ. ಮತ್ತೆ ಮೊದಲಿನಿಂದ ತಟ್ಟಬೇಕು. ಇದರ ನಡುವೆ ಮಗಳನ್ನು ಬೆಳೆಸಬೇಕು, ಹೊಟ್ಟೆಪಾಡಿಗೆ ನಟಿಸಬೇಕು. ಕಡತಗಳ ಈ ಬದಿಯಲ್ಲಿ ಕುಳಿತಿದ್ದವನಿಗೆ, ಆ ಬದಿಯಲ್ಲಿ ನಿಂತವರ ಚಪ್ಪಲಿ ಎಷ್ಟು ಸವೆಯುತ್ತದೆಂದು ಚೆನ್ನಾಗಿ ಗೊತ್ತು. 2004ರ ಅಕ್ಟೋಬರ್ 28ರಂದು ಜೆ.ಪಿ. ನಗರದಲ್ಲಿ ರಂಗಶಂಕರ ಬಾಗಿಲು ತೆರೆಯಿತು.

ಈಗ ಒಂದು ಸಣ್ಣ ಲೆಕ್ಕ. ಶಂಕರ್‌ನಾಗ್ ಅವರ ಇಡೀ ಚಿತ್ರಜೀವನ 1978ರಿಂದ 1990ರವರೆಗೆ, ಹನ್ನೆರಡು ವರ್ಷ. ಅವರ ಹೆಸರಿನ ಒಂದು ರಂಗಮಂದಿರ ಏಳಲು 1990ರಿಂದ 2004ರವರೆಗೆ, ಹದಿನಾಲ್ಕು ವರ್ಷ. ಎಂಬತ್ತಕ್ಕೂ ಹೆಚ್ಚು ಚಿತ್ರಗಳನ್ನು ಮಾಡಿ ಮುಗಿಸಲು ಹಿಡಿದದ್ದಕ್ಕಿಂತ ಹೆಚ್ಚು ಕಾಲ ಒಂದು ಕಟ್ಟಡ ಹಿಡಿಯಿತು. ನಾವು ಮೊದಲನೆಯದನ್ನು ಚೈತನ್ಯ ಎನ್ನುತ್ತೇವೆ. ಎರಡನೆಯದಕ್ಕೆ ನಮ್ಮಲ್ಲಿ ಒಂದು ಒಳ್ಳೆಯ ಹೆಸರೂ ಇಲ್ಲ. ಬಹಳವೆಂದರೆ ‘ಪಾಪ, ಕಷ್ಟಪಟ್ಟರು’ ಎನ್ನುತ್ತೇವೆ. ನನ್ನ ಮಟ್ಟಿಗೆ ಎರಡೂ ಒಂದೇ ಚೈತನ್ಯ. ಒಂದು ಓಡಿತು, ಇನ್ನೊಂದು ನಿಂತು ಕಾದಿತು.

ಇದನ್ನು ಹೇಳಲು ಕಾರಣವಿದೆ. ಶಂಕರ್‌ನಾಗ್ ಬಗೆಗಿನ ದಂತಕಥೆಗಳು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿವೆ. ಬೆಂಗಳೂರಿಗೆ ಮೆಟ್ರೊ ಬೇಕು, ನಂದಿಬೆಟ್ಟಕ್ಕೆ ರೋಪ್‌ವೇ ಬೇಕು, ಬಡವರಿಗೆ ಕಡಿಮೆ ಖರ್ಚಿನ ಮನೆ ಕಟ್ಟಬಹುದು ಎಂದೆಲ್ಲ ಎಂಬತ್ತರ ದಶಕದಲ್ಲೇ ಅವರು ಹಂಬಲಿಸುತ್ತಿದ್ದುದನ್ನು ಒಡನಾಡಿಗಳು ನೆನಪಿಸಿಕೊಂಡಿದ್ದಾರೆ. ಒಬ್ಬ ಸಿನಿಮಾ ನಟ ಹೀಗೆ ಯೋಚಿಸಿದ್ದು ಅಪರೂಪವೇ, ಅದನ್ನು ಗೌರವಿಸುತ್ತೇನೆ. ಆದರೆ ‘ಅವರಿದ್ದಿದ್ದರೆ ಮೆಟ್ರೊ ಆಗಲೇ ಬಂದುಬಿಡುತ್ತಿತ್ತು’ ಎಂಬ ಮಾತನ್ನು ಒಪ್ಪಲಾರೆ. ಬೆಂಗಳೂರು ಮೆಟ್ರೊಗೆ ಶಂಕುಸ್ಥಾಪನೆಯಾದದ್ದು 2006ರಲ್ಲಿ, ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗಿನ ಮೊದಲ ರೈಲು ಓಡಿದ್ದು 2011ರ ಅಕ್ಟೋಬರ್ 20ರಂದು. ಅದರ ಹಿಂದೆ ಮಣ್ಣು ಪರೀಕ್ಷೆ, ಭೂಸ್ವಾಧೀನ, ಸಾಲದ ಒಪ್ಪಂದ, ನೂರಾರು ಎಂಜಿನಿಯರುಗಳ ನಿದ್ದೆಗೆಟ್ಟ ರಾತ್ರಿಗಳಿವೆ. ಅವರಲ್ಲಿ ಯಾರ ಚಿತ್ರವೂ ಆಟೋಗಳ ಮೇಲಿಲ್ಲ.

ಕನಸುಗಾರನನ್ನು ಪೂಜಿಸಿ, ಕನಸನ್ನು ಇಟ್ಟಿಗೆ ಇಟ್ಟಿಗೆಯಾಗಿ ಕಟ್ಟುವವರನ್ನು ಮರೆಯುವುದು ನಮ್ಮ ಹಳೆಯ ಚಾಳಿ. ಅದರಿಂದ ಕನಸುಗಾರನಿಗೂ ನ್ಯಾಯ ಸಲ್ಲುವುದಿಲ್ಲ. ಶಂಕರ್ ಸ್ವತಃ ಬರಿಯ ಕನಸುಗಾರರಾಗಿರಲಿಲ್ಲ. ನಾಟಕ ತಂಡ ಕಟ್ಟಿದರು, ಸ್ಟುಡಿಯೊ ಕಟ್ಟಿದರು. ಕಟ್ಟುವವರಿಗೆ ಸಲ್ಲಬೇಕಾದ ಗೌರವ ಮತ್ತೊಂದು ಕಟ್ಟುವಿಕೆಯೇ ಹೊರತು ಕಟೌಟ್ ಅಲ್ಲ. ಇದನ್ನು ಅವರ ಹೆಂಡತಿ ಅರಿತಷ್ಟು ಅಭಿಮಾನಿಗಳಾದ ನಾವು ಅರಿಯಲಿಲ್ಲವೇನೋ.

ಅರ್ಥಶಾಸ್ತ್ರದ ಪಾಠಗಳಲ್ಲಿ ಹರಿವು ಮತ್ತು ಸಂಗ್ರಹ ಎಂಬ ಎರಡು ಮಾತುಗಳು ಬರುತ್ತವೆ. ನಲ್ಲಿಯಿಂದ ಬೀಳುವ ನೀರು ಹರಿವು. ತೊಟ್ಟಿಯಲ್ಲಿ ನಿಂತದ್ದು ಸಂಗ್ರಹ. ಒಬ್ಬ ಮನುಷ್ಯನ ಚೈತನ್ಯ ಹರಿವು. ನಲ್ಲಿ ನಿಂತ ದಿನ ಅದೂ ನಿಲ್ಲುತ್ತದೆ. ಯಾರಾದರೂ ತೊಟ್ಟಿ ಕಟ್ಟಿದ್ದರೆ ಮಾತ್ರ ಉಳಿದವರಿಗೆ ನೀರು. ರಂಗಶಂಕರ ಅಂಥ ಒಂದು ತೊಟ್ಟಿ. ಸುಮಾರು ಮುನ್ನೂರು ಆಸನಗಳು, ಕಡಿಮೆ ಬಾಡಿಗೆ, ದಿನಕ್ಕೊಂದು ನಾಟಕ ಎಂಬ ಸಂಕಲ್ಪ. ಸಣ್ಣ ತಂಡಗಳಿಗೂ ಎಟುಕುವ ಬಾಡಿಗೆ ಇಡುವುದು ಸುಲಭದ ತೀರ್ಮಾನವಲ್ಲ. ವಿದ್ಯುತ್ತು, ಸಿಬ್ಬಂದಿ, ದುರಸ್ತಿಗಳ ಖರ್ಚನ್ನು ಬೇರೆಲ್ಲಿಂದಲೋ ಪ್ರತಿ ವರ್ಷ ಹೊಂದಿಸಬೇಕಾಗುತ್ತದೆ. ಮಕ್ಕಳಿಗಾಗಿಯೇ ‘ಆಹಾ’ ಎಂಬ ರಂಗ ಕಾರ್ಯಕ್ರಮವನ್ನೂ ಅಲ್ಲಿ ನಡೆಸುತ್ತ ಬಂದಿದ್ದಾರೆ. ಅಪ್ಪನನ್ನು ಕಳೆದುಕೊಂಡ ಒಂದು ಮಗುವಿನ ಮನೆಯಿಂದ ಎಷ್ಟೋ ಮನೆಗಳ ಮಕ್ಕಳಿಗೆ ನಾಟಕ ಸಿಕ್ಕಿತು. ಈ ಲಾಭವನ್ನು ಯಾವ ಗುಣಕದಿಂದ ಗುಣಿಸೋಣ?

ಅರುಂಧತಿಯವರ ಬದುಕೂ ಬರಿಯ ಸ್ಮರಣೆಯಲ್ಲಿ ಕಳೆದುಹೋಗಲಿಲ್ಲ. ‘ಜೋಗಿ’ಯ ತಾಯಿಯಾಗಿ ಕನ್ನಡಿಗರನ್ನು ಅಳಿಸಿದರು. ‘ಪಾ’ ಚಿತ್ರದ ಅಜ್ಜಿಯ ಪಾತ್ರಕ್ಕೆ ಶ್ರೇಷ್ಠ ಪೋಷಕ ನಟಿಯ ರಾಷ್ಟ್ರ ಪ್ರಶಸ್ತಿ ಬಂತು. 2010ರಲ್ಲಿ ಪದ್ಮಶ್ರೀ ಬಂತು. ಅಗಲಿದವರನ್ನು ಪ್ರೀತಿಸುವುದೆಂದರೆ ಅವರ ಜೊತೆ ತಾನೂ ನಿಂತುಹೋಗುವುದಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಅಣ್ಣ ಅನಂತನಾಗ್ ಕೂಡ ‘ನನ್ನ ತಮ್ಮ ಶಂಕರ’ ಎಂಬ ಪುಸ್ತಕ ಬರೆದು ತಮ್ಮ ಪಾಲಿನ ದುಃಖವನ್ನು ಅಕ್ಷರಕ್ಕಿಳಿಸಿದರು. ನೆನಪು ಹೀಗೆ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ರೂಪ ತಾಳುತ್ತದೆ.

ಎಲ್ಲ ಮನೆಗಳಲ್ಲೂ ರಂಗಮಂದಿರ ಏಳುವುದಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಐದರಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿ ಹದಿನೆಂಟರಿಂದ ಅರವತ್ತು ವಯಸ್ಸಿನವರು, ದುಡಿಯುವವರು. ಅರ್ಥಶಾಸ್ತ್ರಜ್ಞರು ಇದನ್ನು ಮಾನವ ಬಂಡವಾಳದ ನಷ್ಟವೆಂದು ಕರೆಯುತ್ತಾರೆ. ಆ ಪದ ತಪ್ಪಲ್ಲ, ಆದರೆ ಅದರಲ್ಲಿ ಜಡೆ ಹೆಣೆಯುವ ಕೈ ಕಾಣುವುದಿಲ್ಲ. ಶಂಕರ್‌ನಾಗ್ ಹೋದ ಹೆದ್ದಾರಿ ಈ ಶತಮಾನದಲ್ಲಿ ಸುವರ್ಣ ಚತುರ್ಭುಜ ಯೋಜನೆಯಡಿ ಅಗಲವಾಯಿತು. ಎದುರುಬದುರು ವಾಹನಗಳ ನಡುವೆ ವಿಭಜಕ ಬಂತು. ನಾಲ್ಕರ ಸಂಖ್ಯೆಯ ಹೆದ್ದಾರಿ ಈಗ ನಲವತ್ತೆಂಟು. ರಸ್ತೆ ಸುಧಾರಿಸಿತು; ನಿದ್ದೆಗಣ್ಣಿನಲ್ಲಿ ಓಡಿಸುವ, ರಾತ್ರಿ ಪ್ರಯಾಣವನ್ನೇ ಸಮಯದ ಉಳಿತಾಯವೆಂದು ಭಾವಿಸುವ ನಮ್ಮ ಅಭ್ಯಾಸ ಅಷ್ಟಾಗಿ ಸುಧಾರಿಸಲಿಲ್ಲ.

ವಿಪರ್ಯಾಸವೆಂದರೆ, ಈ ವಿಷಯವನ್ನು ಕನ್ನಡಕ್ಕೆ ಗಂಭೀರವಾಗಿ ಹೇಳಿದವರಲ್ಲಿ ಶಂಕರ್‌ನಾಗ್ ಒಬ್ಬರು. ಪಾದಚಾರಿ ಮಾರ್ಗದಲ್ಲಿ ಮಲಗಿದ ಬಡವರ ಮೇಲೆ ಪ್ರಭಾವಿಯ ಮಗನೊಬ್ಬ ಕಾರು ಹರಿಸುವುದು, ಅದನ್ನು ಮುಚ್ಚಿಹಾಕಲು ಅಧಿಕಾರ ಹೆಣಗುವುದು — ಇದು ಅವರ ‘ಆಕ್ಸಿಡೆಂಟ್’ ಚಿತ್ರದ ವಸ್ತು. ಸಾಮಾಜಿಕ ಸಮಸ್ಯೆ ಕುರಿತ ಚಿತ್ರಕ್ಕೆ ಸಲ್ಲುವ ರಾಷ್ಟ್ರ ಪ್ರಶಸ್ತಿಯನ್ನು ಅದು ಪಡೆಯಿತು. ಅರುಂಧತಿ, ಅನಂತನಾಗ್ ಇಬ್ಬರೂ ಅದರಲ್ಲಿ ನಟಿಸಿದ್ದರು. ಒಂದೇ ಮನೆಯ ಮೂವರು ಆ ಚಿತ್ರ ಮಾಡುವಾಗ, ಐದಾರು ವರ್ಷಗಳಲ್ಲಿ ಆ ಪದ ತಮ್ಮದೇ ಮನೆಯ ಬಾಗಿಲಿಗೆ ಬರುತ್ತದೆಂದು ಯಾರು ಎಣಿಸಿದ್ದರು?

ಅಕ್ಕನ ವಿಷಯಕ್ಕೆ ಮರಳುತ್ತೇನೆ. ಕಡತ ಕೊನೆಗೂ ಎದ್ದಿತು. ಅವಳು ಗುಮಾಸ್ತೆಯಾಗಿ ಸೇರಿ, ಮಕ್ಕಳನ್ನು ಓದಿಸಿ, ನಿವೃತ್ತಳಾದಳು. ಭಾವನ ಹೆಸರಿನಲ್ಲಿ ಏನನ್ನೂ ಕಟ್ಟಲಿಲ್ಲ. ಶಾಲೆಯ ಹಿತ್ತಲಿನ ತೆಂಗಿನ ಸಸಿಗಳಿಗೆ ಬೇಸಿಗೆ ರಜೆಯಲ್ಲಿ ನೀರು ಹಾಕಿಸುವ ವ್ಯವಸ್ಥೆಯನ್ನು ಮಾತ್ರ ಹಲವು ವರ್ಷ ನೋಡಿಕೊಂಡಳು. ಈಗ ಅವು ಎತ್ತರದ ಮರಗಳು.

ನನ್ನ ನಿವೃತ್ತಿಯ ನಂತರದ ಒಂದು ಸಂಜೆ, ಊರಿಂದ ಬಂದಿದ್ದ ಅಕ್ಕನನ್ನು ರಂಗಶಂಕರಕ್ಕೆ ಕರೆದೊಯ್ದೆ. ಏಳೂವರೆಗೆ ನಾಟಕ. ಹೊರಡುವಾಗ ನಾನೇ ತಡಮಾಡಿದೆ. ದಾರಿಯಲ್ಲಿ ವಾಹನಗಳ ದಟ್ಟಣೆ ಬೇರೆ. ತಲುಪುವಾಗ ನಾಲ್ಕು ನಿಮಿಷ ಮೀರಿತ್ತು. ಬಾಗಿಲು ಮುಚ್ಚಿತ್ತು. ನಾಟಕ ಶುರುವಾದ ಮೇಲೆ ಅಲ್ಲಿ ಯಾರನ್ನೂ ಒಳಗೆ ಬಿಡುವುದಿಲ್ಲವೆಂಬುದು ಮೊದಲಿನಿಂದಲೂ ಇರುವ ನಿಯಮ, ನನಗೂ ತಿಳಿದದ್ದೇ. ಆದರೂ ಮೂರು ದಶಕ ಸಭೆಗಳು ತನಗಾಗಿ ಕಾದದ್ದನ್ನು ಕಂಡವನಿಗೆ ಒಳಗೊಳಗೇ ಸಿಡಿಮಿಡಿ. ‘ಹಿರಿಯ ನಾಗರಿಕರು’ ಎಂದೇನೋ ಹೇಳಲು ಬಾಯಿ ತೆರೆದೆ.

ಅಕ್ಕ ನನ್ನ ತೋಳು ಹಿಡಿದು ನಿಲ್ಲಿಸಿದಳು. ಅವಳು ನಗುತ್ತಿದ್ದಳು. ‘ನಿನ್ನ ಭಾವನೂ ಹೀಗೇ ಕಣೋ, ಗಂಟೆ ಹೊಡೆದ ಮೇಲೆ ಶಾಲೆ ಗೇಟು ತೆಗೀತಾ ಇರಲಿಲ್ಲ’ ಎಂದಳು. ಭಾವನ ಮಾತು ಬಂದಾಗ ಅವಳು ನಕ್ಕದ್ದನ್ನು ನಾನು ಎಷ್ಟೋ ವರ್ಷಗಳ ನಂತರ ಕಂಡೆ. ಅಲ್ಲಿಯೇ ಇರುವ ಉಪಾಹಾರ ಗೃಹದಲ್ಲಿ ಕುಳಿತು ಕಾಫಿ ಕುಡಿದೆವು. ಗೋಡೆಯ ಆಚೆಯಿಂದ ನಾಟಕದ ಸದ್ದು ಆಗಾಗ ಸಣ್ಣಗೆ ಕೇಳಿಬರುತ್ತಿತ್ತು. ಅಕ್ಕ ಭಾವನ ವಿಷಯವನ್ನೇ ಮಾತಾಡಿದಳು — ವಾಲಿಬಾಲ್, ಪಂಪ್‌ಸೆಟ್, ಒಮ್ಮೆ ನಾಟಕದಲ್ಲಿ ಮೀಸೆ ಕಳಚಿ ಬಿದ್ದದ್ದು. ಗುಮಾಸ್ತರು ಕೇಳಿದ ಆ ‘ಇತರ ಆದಾಯ’ದ ವಿವರ ಪೂರ್ತಿಯಾಗಿ ನನಗೆ ದೊರೆತದ್ದು ಆ ಸಂಜೆ.

ಮರುದಿನ ಅದೇ ನಾಟಕಕ್ಕೆ ಮತ್ತೆ ಹೋದೆವು. ಆರು ಮುಕ್ಕಾಲಿಗೇ ಬಂದು ಬಾಗಿಲ ಮುಂದೆ ನಿಂತೆವು.